ನಾಡಿ ಹಿಡಿದು ಓಡುವವರು

ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಎಡ ಮುಂಗೈಯ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮೆತ್ತಗೆ ಇಟ್ಟುಕೊಳ್ಳಿ. ಹೆಬ್ಬೆರಳಿನಿಂದ ಮಾತ್ರ ನಾಡಿ ಹಿಡಿಯಬೇಡಿ. ಅದಕ್ಕೂ ತನ್ನದೇ ಮಿಡಿತ ಇರುವುದರಿಂದ ಎರಡೂ ಕಲೆತು ಲೆಕ್ಕ ತಪ್ಪುತ್ತದೆ. ಸೆಕೆಂಡಿನ ಮುಳ್ಳಿರುವ ಗಡಿಯಾರ ನೋಡುತ್ತ 30 ಸೆಕೆಂಡು ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಸುಮ್ಮನೆ ಕುಳಿತಿರುವ ದೊಡ್ಡವರದಾದರೆ ಅದು ಸಾಮಾನ್ಯವಾಗಿ 60ರಿಂದ 100ರ ಒಳಗೆ ಇರುತ್ತದೆ. ಮಕ್ಕಳೇ, ನಿಮ್ಮದು ಅಜ್ಜನಿಗಿಂತ ಹೆಚ್ಚು ಬಂದರೆ ಗಾಬರಿಯಾಗಬೇಡಿ. ಸಣ್ಣ ಹೃದಯ ಬೇಗ ಬೇಗ ಬಡಿಯಬೇಕಾಗುತ್ತದೆ. ಇಲಿಯ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿದರೆ ಆನೆಯದು 30ರ ಆಸುಪಾಸು.

ನಿಮಿಷಕ್ಕೆ 72 ಬಡಿತ ಎಂದು ಹಿಡಿದರೆ ದಿನಕ್ಕೆ 1,03,680 ಬಡಿತ ಆಗುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ಅಂದರೆ ನಿಮಿಷಕ್ಕೆ ಐದು ಲೀಟರು, ದಿನಕ್ಕೆ 7,200 ಲೀಟರು. ಬೇಸಿಗೆಯಲ್ಲಿ ಓಣಿಗೆ ಬರುವ ಐದು ಸಾವಿರ ಲೀಟರಿನ ನೀರಿನ ಟ್ಯಾಂಕರು ಒಂದೂವರೆ ಸಲ ತುಂಬುವಷ್ಟು. ಮುಷ್ಟಿ ಗಾತ್ರದ ಪಂಪು, ರಜೆ ಇಲ್ಲ, ಓವರ್‌ಟೈಮ್ ಇಲ್ಲ.

ನಮ್ಮ ವೈದ್ಯರು ಈ ಮಿಡಿತವನ್ನು ಎಣಿಸುವುದಕ್ಕಿಂತ ಅದರ ನಡಿಗೆಯನ್ನು ನೋಡುತ್ತಿದ್ದರು. ಶಾರ್ಙ್ಗಧರ ಸಂಹಿತೆಯಲ್ಲಿ ವಾತದ ನಾಡಿ ಹಾವಿನಂತೆ, ಪಿತ್ತದ್ದು ಕಪ್ಪೆಯಂತೆ, ಕಫದ್ದು ಹಂಸದಂತೆ ನಡೆಯುತ್ತದೆ ಎಂಬ ವರ್ಣನೆ ಇದೆ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ವೈದ್ಯರು ಕಣ್ಣು ಮುಚ್ಚಿ ಕೈ ಹಿಡಿದರೆ ಮನೆ ಮಂದಿಯೆಲ್ಲ ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದೆವು. ಈಗ ಆ ಕೆಲಸವನ್ನು ಕೈಗಡಿಯಾರ ಮಾಡುತ್ತಿದೆ. ನಾಡಿ ನೋಡಿಸಿಕೊಳ್ಳುವವರೂ ರೋಗಿಗಳಲ್ಲ, ಕಟ್ಟುಮಸ್ತಾದ ಹುಡುಗ ಹುಡುಗಿಯರು. ಟ್ರಯಥ್ಲಾನ್ ಎಂಬ ಆಟದವರು.

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ನಡುವೆ ವಿಶ್ರಾಂತಿ ಇಲ್ಲದೆ ಒಂದರ ಹಿಂದೆ ಒಂದು ಮುಗಿಸುವುದು. ಒಲಿಂಪಿಕ್ಸ್‌ಗೆ ಇದು ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಲ್ಲಿ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಅದಕ್ಕಿಂತ ಘೋರವಾದದ್ದು ‘ಐರನ್‌ಮ್ಯಾನ್’. 1978ರಲ್ಲಿ ಹವಾಯಿ ದ್ವೀಪದಲ್ಲಿ, ಈಜುಗಾರ ಗಟ್ಟಿಯೋ ಓಟಗಾರ ಗಟ್ಟಿಯೋ ಎಂಬ ವಾದ ಬಗೆಹರಿಸಲು ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಶುರು ಮಾಡಿದ್ದು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42.2 ಕಿಲೋಮೀಟರಿನ ಪೂರ್ತಿ ಮ್ಯಾರಥಾನ್! ಮೊದಲ ವರ್ಷ ಹೊರಟವರು 15 ಜನ, ಮುಟ್ಟಿದವರು 12. ಗೆದ್ದವನಿಗೆ ಹನ್ನೆರಡು ತಾಸಿಗೆ ಸ್ವಲ್ಪ ಕಡಿಮೆ ಹಿಡಿಯಿತು.

ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಅಳ್ನಾವರದಿಂದ ಲೋಂಡಾ ದಾಟಿ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ 2019ರಿಂದ ಐರನ್‌ಮ್ಯಾನ್‌ನ ಅರ್ಧದ ಸ್ಪರ್ಧೆ ನಡೆಯುತ್ತಿದೆ. ಪಣಜಿಯ ಮಿರಾಮಾರ್ ಕಡಲಿನಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, 21.1 ಕಿಲೋಮೀಟರ್ ಓಡಬೇಕು. ಎಂಟೂವರೆ ತಾಸಿನೊಳಗೆ ಮುಗಿಸದಿದ್ದರೆ ಲೆಕ್ಕಕ್ಕಿಲ್ಲ. 2024ರ ಅಕ್ಟೋಬರದಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದ್ದು ಪತ್ರಿಕೆಗಳಲ್ಲಿ ಬಂತು. ಮಿಕ್ಕಿದ್ದು ಮೂರೇ ನಿಮಿಷ. ಅದಕ್ಕೂ ಎಷ್ಟೋ ಮೊದಲು, 2009ರಲ್ಲಿ, ಬೆಂಗಳೂರಿನಲ್ಲಿ ಕಂಪನಿ ನಡೆಸುತ್ತಿದ್ದ ಇಂಜಿನಿಯರ್ ಅನು ವೈದ್ಯನಾಥನ್ ಕೆನಡಾದಲ್ಲಿ ‘ಅಲ್ಟ್ರಾಮ್ಯಾನ್’ ಮುಗಿಸಿ ಬಂದಿದ್ದರು. ಅದು ಮೂರು ದಿನದ ಸ್ಪರ್ಧೆ: 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. ಆ ಹೆಣ್ಣುಮಗಳ ಸುದ್ದಿ ಆಗ ಇಷ್ಟು ದೊಡ್ಡದಾಗಿ ಬರಲಿಲ್ಲ ಎನ್ನುವುದು ನನ್ನ ತಕರಾರು.

ಇಂಥ ಆಟಕ್ಕೆ ತಯಾರಿ ಮಾಡುವವರಿಗೆ ದೊಡ್ಡ ಪ್ರಶ್ನೆ ಒಂದೇ: ಎಷ್ಟು ಜೋರು? ಜೋರಾಗಿ ಹೋದರೆ ಬೇಗ ಸುಸ್ತು, ಗಾಯ. ಮೆಲ್ಲಗೆ ಹೋದರೆ ಮುಂದೆ ಹೋಗುವುದೇ ಇಲ್ಲ. ಈಜಿನ ವೇಗ, ಸೈಕಲ್ಲಿನ ವೇಗ, ಓಟದ ವೇಗ ಮೂರನ್ನೂ ಹೋಲಿಸಲು ಬರುವುದಿಲ್ಲ. ಆದರೆ ಮೂರರಲ್ಲೂ ದುಡಿಯುವ ಹೃದಯ ಒಂದೇ. ಹಾಗಾಗಿ ಅದನ್ನೇ ಕೇಳಿದರಾಯಿತು ಎಂದು ಹೊರಟರು. ಕೇಳಲು ಉಪಕರಣ ಬೇಕಿತ್ತು. ಓಡುತ್ತ ಓಡುತ್ತ ಮುಂಗೈ ಹಿಡಿದು ಎಣಿಸಲಾಗದು, ನಿಂತರೆ ಬಡಿತ ಇಳಿದುಬಿಡುತ್ತದೆ. ಹಿಮದ ಮೇಲೆ ಜಾರುವ ಸ್ಕೀ ಆಟಗಾರರಿಗಾಗಿ ಫಿನ್‌ಲೆಂಡಿನ ಪ್ರೊಫೆಸರ್ ಸೆಪ್ಪೊ ಸೈನಾಯಕಂಗಸ್ ಈ ತೊಡಕು ಬಿಡಿಸಲು ಕೂತರು. 1977ರಲ್ಲಿ ಪೋಲಾರ್ ಎಂಬ ಕಂಪನಿ ಕಟ್ಟಿದರು. 1982ರಲ್ಲಿ ಎದೆಗೆ ಪಟ್ಟಿ, ಕೈಗೆ ಗಡಿಯಾರ, ನಡುವೆ ತಂತಿ ಇಲ್ಲ ಎನ್ನುವ ಯಂತ್ರ ಮಾರುಕಟ್ಟೆಗೆ ಬಂತು. ಎದೆಪಟ್ಟಿ ಹೃದಯದ ವಿದ್ಯುತ್ತನ್ನು ಹಿಡಿಯುತ್ತದೆ, ಅಂದರೆ ಅದು ಸಣ್ಣ ಇಸಿಜಿ ಇದ್ದಂತೆ. ಈಗಿನ ಸ್ಮಾರ್ಟ್ ವಾಚಿನ ಬೆನ್ನಿಗೆ ಮಿಣುಕುವ ಹಸಿರು ದೀಪದ ಕೆಲಸ ಬೇರೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಉಕ್ಕುತ್ತದೆ, ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಮರಳಿ ಬಂದ ಬೆಳಕಿನ ಏರಿಳಿತ ಎಣಿಸಿದರೆ ನಾಡಿ. ಬೆಲ್ಟು ಸಡಿಲವಿದ್ದರೆ, ಕೈ ಬಹಳ ಅಲ್ಲಾಡಿದರೆ ಅದು ಸುಳ್ಳು ಹೇಳುತ್ತದೆ. ಎರಡು ಬೆರಳಿನ ವಿದ್ಯೆ ಅದಕ್ಕೇ ಮರೆಯಬಾರದು.

ಇನ್ನು ಲೆಕ್ಕ. ಹೃದಯ ಅತಿ ಹೆಚ್ಚೆಂದರೆ ಎಷ್ಟು ಬಡಿಯಬಲ್ಲದು ಎಂಬುದಕ್ಕೆ ಎಲ್ಲರ ಬಾಯಲ್ಲಿರುವ ಸೂತ್ರ 220ರಲ್ಲಿ ವಯಸ್ಸು ಕಳೆಯುವುದು. 1970ರ ಸುಮಾರಿಗೆ ಅಮೆರಿಕದ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು ಬೇರೆ ಬೇರೆಯವರ ಅಂಕಿಗಳನ್ನು ಕೂಡಿಹಾಕಿ ಎಳೆದ ಅಂದಾಜು ಗೆರೆ ಅದು. ಜನ ಅದನ್ನು ವೇದವಾಕ್ಯ ಮಾಡಿಕೊಂಡರು. 2001ರಲ್ಲಿ ತನಾಕಾ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಇನ್ನಷ್ಟು ಜನರ ಲೆಕ್ಕ ತೆಗೆದು, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ ಎಂದರು. ಮಕ್ಕಳೇ, ಎರಡೂ ಸೂತ್ರ ಹಾಕಿ ನೋಡಿ. 40 ವರ್ಷದವರಿಗೆ ಎರಡರಲ್ಲೂ ಸರಿಯಾಗಿ 180 ಬರುತ್ತದೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ: 74 ವರ್ಷದ ಅಜ್ಜನಿಗೆ ಹಳೆಯ ಸೂತ್ರದಲ್ಲಿ 146, ಹೊಸದರಲ್ಲಿ 156. ಹಳೆಯದು ಮುದುಕರನ್ನು ಹತ್ತು ಬಡಿತ ಕಡಿಮೆ ಅಂದಾಜು ಮಾಡಿತ್ತು! ಹೊಸದೂ ಸರಾಸರಿಯೇ, ಒಬ್ಬೊಬ್ಬರಿಗೆ ಹತ್ತು ಹದಿನೈದು ಆಚೆ ಈಚೆ ಇರುತ್ತದೆ. ಶಾಲೆಯ ಮಕ್ಕಳಿಗಂತೂ ಎರಡೂ ಒಗ್ಗುವುದಿಲ್ಲ. ಎಂಟು ವರ್ಷದವರಿಗೂ ಹದಿನಾಲ್ಕರವರಿಗೂ ಹೆಚ್ಚಿನ ಬಡಿತ ಸುಮಾರು 200ರ ಹತ್ತಿರವೇ ಇರುತ್ತದೆ.

ನನ್ನ ಮೊಮ್ಮಗನಿಗೆ ಆಗ 29 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅವನು ಗೋವಾದ ಸ್ಪರ್ಧೆಗೆ ಹೆಸರು ಕೊಟ್ಟಾಗ ನನಗೆ ಕಲಿಸಿದ ಲೆಕ್ಕ ಹೀಗಿದೆ. 220ರಲ್ಲಿ 29 ಕಳೆದರೆ 191. ಮುಂಜಾನೆ ಏಳುವ ಮೊದಲು ಹಾಸಿಗೆಯಲ್ಲೇ ಎಣಿಸಿದ ಬಡಿತ 55. ಇವೆರಡರ ನಡುವಿನ 136 ಅವನ ಕೈಯಲ್ಲಿರುವ ಬಂಡವಾಳ. ಇದರ ಶೇಕಡಾ 60ಕ್ಕೆ 55 ಕೂಡಿಸಿದರೆ 137, ಶೇಕಡಾ 70ಕ್ಕೆ ಕೂಡಿಸಿದರೆ 150. ಈ ಎರಡರ ನಡುವೆ ಇದ್ದರೆ ಅದು ‘ಸಲೀಸು’ ತರಬೇತಿ. ಇದು ಫಿನ್‌ಲೆಂಡಿನವರೇ ಆದ ಕಾರ್ವೊನೆನ್ ಎಂಬ ವೈದ್ಯರ ಹೆಸರಿನ ಲೆಕ್ಕ. ಬರೀ ವಯಸ್ಸಿನ ಸೂತ್ರಕ್ಕಿಂತ ಇದು ನನಗೆ ಮನಸ್ಸಿಗೆ ಬಂತು. ಆರಂಭದ ಶಿಲ್ಕು ಇಡದೆ ಯಾವ ಖಾತೆಯೂ ಸರಿ ಬರುವುದಿಲ್ಲ.

ಅಷ್ಟಾದ ಮೇಲೂ ಆಟಕ್ಕೊಂದು ಅಂಕಿ ಬೇರೆ. ಅದೇ ಮನುಷ್ಯ, ಅದೇ ಶ್ರಮ ಅನ್ನಿಸಿದರೂ ಸೈಕಲ್ ಮೇಲೆ ಬಡಿತ ಓಟಕ್ಕಿಂತ ಐದು ಹತ್ತು ಕಡಿಮೆ. ಓಡುವಾಗ ಇಡೀ ಮೈಭಾರ ಹೊರಬೇಕು, ಸೈಕಲ್ಲಿನಲ್ಲಿ ಸೀಟು ಹೊರುತ್ತದೆ. ನೀರಿನಲ್ಲಿ ಇನ್ನೂ ಹತ್ತರಷ್ಟು ಕಡಿಮೆ. ಅಡ್ಡ ಮಲಗಿದ ಭಂಗಿಯಲ್ಲಿ ಕಾಲಿನ ರಕ್ತ ಮೇಲೇರಲು ಕಷ್ಟವಿಲ್ಲ, ನೀರು ಸುತ್ತಲಿಂದ ಒತ್ತಿ ರಕ್ತವನ್ನು ಎದೆಗೆ ತಳ್ಳುತ್ತದೆ, ಮೈ ತಂಪಾಗಿರುತ್ತದೆ. ತಣ್ಣೀರಿಗೆ ಮುಖ ಅದ್ದಿದರೆ ಹೃದಯ ತಾನೇ ನಿಧಾನವಾಗುವ ಒಂದು ಹಳೆಯ ಸ್ವಭಾವವೂ ನಮ್ಮ ದೇಹದಲ್ಲಿದೆ. ತಿಮಿಂಗಿಲಕ್ಕೆ ಅದೇ ದೊಡ್ಡ ವರ. 2019ರಲ್ಲಿ ವಿಜ್ಞಾನಿಗಳು ನೀಲಿ ತಿಮಿಂಗಿಲಕ್ಕೆ ಯಂತ್ರ ಅಂಟಿಸಿ ನೋಡಿದಾಗ ಆಳಕ್ಕೆ ಇಳಿದಾಗ ಅದರ ಹೃದಯ ನಿಮಿಷಕ್ಕೆ ಎರಡೇ ಸಲ ಬಡಿದದ್ದೂ ಕಂಡಿತಂತೆ. ಹೀಗೆ ಓಟದ ಅಂಕಿಯನ್ನೇ ಹಿಡಿದು ಈಜಲು ಹೊರಟವನು ಅರಿವಿಲ್ಲದೆ ಮಿತಿ ಮೀರುತ್ತಾನೆ. ನೀರಿನಿಂದೆದ್ದು ದಡದ ಮೇಲೆ ಸೈಕಲ್ಲಿನ ಕಡೆಗೆ ಓಡುವ ಆ ಒಂದೆರಡು ನಿಮಿಷ ಬಡಿತ ಒಮ್ಮೆಲೇ ಜಿಗಿಯುತ್ತದೆ. ಆಗ ನಿಧಾನಿಸಿದವನೇ ಜಾಣ.

ಸಲೀಸಾಗಿ ಓಡಿದರೆ ಗೆಲ್ಲುವುದು ಹೇಗೆ ಎಂದು ನಾನೂ ಕೇಳಿದ್ದೆ. ಮೊಮ್ಮಗ ಮಾರ್ಕ್ ಅಲೆನ್ ಕಥೆ ಹೇಳಿದ. ಅಮೆರಿಕದ ಈ ಆಟಗಾರ ಹವಾಯಿಯಲ್ಲಿ ಆರು ಸಲ ಸೋತವನು. ದಿನಾ ಮೈ ಮುರಿಯುವಂತೆ ಓಡುವುದು, ಗಾಯ ಮಾಡಿಕೊಳ್ಳುವುದು. ಫಿಲ್ ಮ್ಯಾಫೆಟೋನ್ ಎಂಬ ಗುರು ಅವನಿಗೆ ಬಡಿತ 155 ದಾಟಬೇಡ ಎಂದು ಕಟ್ಟು ಹಾಕಿದ. ಈ ಗುರುವಿನ ಲೆಕ್ಕ ಇನ್ನೂ ಸರಳ: 180ರಲ್ಲಿ ವಯಸ್ಸು ಕಳೆದು, ಆರೋಗ್ಯ ನೋಡಿ ಐದು ಹತ್ತು ಕೂಡಿಸುವುದು, ಕಳೆಯುವುದು. ಮಿತಿಯೊಳಗೆ ಓಡಲು ಹೋದರೆ ಅಲೆನ್‌ಗೆ ಒಂದು ಮೈಲಿಗೆ ಎಂಟೂಕಾಲು ನಿಮಿಷ ಹಿಡಿಯಿತು. ದೊಡ್ಡ ಆಟಗಾರನಿಗೆ ನಾಚಿಕೆಯಾಗುವ ವೇಗ. ಪಟ್ಟು ಬಿಡದೆ ವರ್ಷದ ಮೇಲೆ ಹಾಗೇ ಓಡಿದ. ಆಮೇಲೆ ಅದೇ 155 ಬಡಿತದಲ್ಲಿ ಮೈಲಿಗೆ 5 ನಿಮಿಷ 20 ಸೆಕೆಂಡು! ಹೃದಯ ಹಿಗ್ಗಿ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವಂತಾಗಿತ್ತು, ಸ್ನಾಯುಗಳು ಕೊಬ್ಬನ್ನು ಉರುವಲು ಮಾಡಿಕೊಳ್ಳಲು ಕಲಿತಿದ್ದವು. 1989ರಲ್ಲಿ ಹವಾಯಿಯಲ್ಲಿ ಗೆದ್ದ, ಆಮೇಲೆ ಇನ್ನೂ ಐದು ಸಲ ಗೆದ್ದ.

ಈಗಿನ ಹೆಚ್ಚಿನ ಗುರುಗಳೂ ವಾರದ ತರಬೇತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಲೀಸು, ಒಂದು ಪಾಲು ಮಾತ್ರ ಜೋರು ಎನ್ನುತ್ತಾರೆ. ನಾರ್ವೆಯಲ್ಲಿ ನೆಲೆಸಿದ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ದೊಡ್ಡ ಆಟಗಾರರ ದಿನಚರಿ ತೆಗೆದು ನೋಡಿ ಇದನ್ನು ಗುರುತಿಸಿದರು. ಯಂತ್ರವಿಲ್ಲದವರಿಗೆ ಒಂದು ಗುರುತು ಇದೆ: ಓಡುತ್ತ ಪಕ್ಕದವನೊಡನೆ ಪೂರ್ತಿ ವಾಕ್ಯ ಮಾತಾಡಲು ಬಂದರೆ ಸಲೀಸು. ಎರಡು ಮೂರು ಶಬ್ದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜೋರು.

2024ರ ದಸರೆಗೆ ಮೊಮ್ಮಗ ಊರಿಗೆ ಬಂದ. ಸ್ಪರ್ಧೆಗೆ ಎರಡು ವಾರ. ಸೈಕಲ್ಲನ್ನೂ ತಂದಿದ್ದ. ನಸುಕಿನಲ್ಲಿ ಧಾರವಾಡದ ದಾರಿ ಹಿಡಿದು ಹೋಗಿ ಬರುತ್ತಿದ್ದ, ಸಂಜೆ ಓಟ. ಕೆರೆಯಲ್ಲಿ ಈಜುತ್ತೇನೆ ಎಂದದ್ದಕ್ಕೆ ನಾನು ಒಪ್ಪಲಿಲ್ಲ. ಆಳ ಗೊತ್ತಿಲ್ಲದ ನೀರಿಗೆ ಒಬ್ಬನೇ ಇಳಿಯುವುದು ಧೈರ್ಯವಲ್ಲ. ಅವನ ಮುಂಜಾನೆಯ ಬಡಿತ ಬರೆದಿಡುವ ಕೆಲಸ ನನ್ನದಾಯಿತು. ಹಳೆಯ ಡೈರಿಯಲ್ಲಿ ಗೆರೆ ಹೊಡೆದು ಬರೆಯತೊಡಗಿದೆ. 54, 55, 53, 54. ಐದನೆಯ ದಿನ 63.

“ನಿದ್ದಿ ಆಗಿಲ್ಲಜ್ಜಾ, ಅದಕ್ಕ” ಅಂದ. ಇರಬಹುದು. ನಿದ್ದೆ ಕೆಟ್ಟರೆ, ನೀರು ಕಡಿಮೆ ಕುಡಿದರೆ, ಮನಸ್ಸಿಗೆ ಚಿಂತೆ ಹತ್ತಿದರೆ ಬಡಿತ ಏರುತ್ತದೆ. ಒಂದು ದಿನದ ಅಂಕಿ ನೋಡಿ ತೀರ್ಪು ಕೊಡಬಾರದು. ಮರುದಿನ 66 ಬಂತು. ಅಂದು 80 ಕಿಲೋಮೀಟರ್ ಸೈಕಲ್ ಹೊಡೆಯುವ ದಿನ. ಅವನು ಬೂಟು ಹಾಕುತ್ತಿದ್ದ.

“ಇವತ್ತ ಬ್ಯಾಡೋ” ಅಂದೆ.

“ಎರಡ ವಾರ ಉಳದಾವಜ್ಜಾ. ಈಗ ಬಿಟ್ರ ಎಲ್ಲಾ ಹೋಗತೈತಿ. ಮೈಯಾಗ ಏನೂ ಆಗಿಲ್ಲ.”

ಅವನ ಅಜ್ಜಿ ಅಡಿಗೆ ಮನೆಯಿಂದ ಬಂದು ಮುಖ ನೋಡಿದಳು. “ಕಣ್ಣ ಯಾಕೋ ಕೆಂಪಾಗ್ಯಾವು. ಆ ಸೈಕಲ್ಲ ಓಡಿ ಹೋಗತೈತೇನ? ಕುಂಡರು, ಉಪ್ಪಿಟ್ಟ ತಿನ್ನು.” ಅಂಕಿಗಿಂತ ಅಜ್ಜಿಯ ಮಾತಿಗೆ ಬೆಲೆ ಹೆಚ್ಚು. ಮುಖ ಗಂಟು ಹಾಕಿಕೊಂಡು ಕುಳಿತ. ನಾನು ನನ್ನ ಪಾಡಿಗೆ ಪೇಪರ್ ಓದಿದೆ. ಸಂಜೆ ಆರಕ್ಕೆ ಚಳಿ ಹತ್ತಿತು, ರಾತ್ರಿ 102 ಡಿಗ್ರಿ ಜ್ವರ. ಬಾಯಿಗೆ, ಮೂಗಿಗೆ ಏನೂ ಕಾಣುವ ಮೊದಲೇ ಹೃದಯಕ್ಕೆ ಸುದ್ದಿ ಮುಟ್ಟಿತ್ತು.

ನಮ್ಮ ಡಾಕ್ಟರು ಹೇಳಿದ ಮಾತು ಮನೆಮನೆಗೂ ಗೊತ್ತಿರಬೇಕಾದ್ದು. ವೈರಸ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಾಗುತ್ತದೆ. ಆ ಹೊತ್ತಿನಲ್ಲಿ ಮೈ ದಣಿಸಿದರೆ ಬಡಿತದ ತಾಳ ತಪ್ಪಿ ಪ್ರಾಣಕ್ಕೇ ಬರಬಹುದು. ಜ್ವರ ಬಿಟ್ಟು, ಮುಂಜಾನೆಯ ಬಡಿತ ಹಳೆಯ ಜಾಗಕ್ಕೆ ಮರಳುವವರೆಗೆ ಓಟ, ಸೈಕಲ್, ಈಜು ಯಾವುದೂ ಕೂಡದು. ಶಾಲೆಯ ಕ್ರೀಡಾಕೂಟ ಇದೆಯೆಂದು ಮಾತ್ರೆ ನುಂಗಿಸಿ ಮಗುವನ್ನು ಮೈದಾನಕ್ಕೆ ಕಳಿಸುವ ತಂದೆತಾಯಿಗಳು ಇದನ್ನು ಕೇಳಬೇಕು. ಆರು ದಿನ ಮೊಮ್ಮಗ ಗಂಜಿ ಕುಡಿದು ಮಲಗಿದ. 66, 70, 64, 60, 57, 55. ಡೈರಿಯಲ್ಲಿ ಇನ್ನೂ ಇದೆ.

ಹೆದರಿಸಲು ಹೇಳುತ್ತಿಲ್ಲ. 2021ರ ಅಕ್ಟೋಬರ್ 29ರಂದು ನಮ್ಮ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೆ ಹೃದಯಾಘಾತದಿಂದ ಹೋದಾಗ ನಮ್ಮ ಓಣಿಯಲ್ಲಿ ಎಷ್ಟೋ ಮಂದಿ ಮುಂಜಾನೆಯ ವಾಕಿಂಗ್ ಕೂಡ ಬಿಟ್ಟರು. ವ್ಯಾಯಾಮವೇ ಬೇಡ ಎನ್ನುವುದು ಇನ್ನೊಂದು ಅತಿ. ಅವರ ಹೆಸರಿನಲ್ಲೇ ಸರಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ವ್ಯವಸ್ಥೆ ಅದು. ಎದೆ ಬಿಗಿದು, ಎಡಗೈ ಅಥವಾ ದವಡೆ ನೋಯ್ದು, ತಣ್ಣನೆ ಬೆವರಿದರೆ ವಾಯು ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಫೋನ್ ಮಾಡಬೇಕು. ಟ್ರಯಥ್ಲಾನ್‌ನಲ್ಲೂ ಅಪಾಯ ಎಲ್ಲಿದೆ ಎಂದು ಅಮೆರಿಕದಲ್ಲಿ ಲೆಕ್ಕ ತೆಗೆದಿದ್ದಾರೆ. 1985ರಿಂದ 2016ರವರೆಗೆ ಅಲ್ಲಿ ಸ್ಪರ್ಧೆಯ ವೇಳೆ ಸತ್ತವರು ಮತ್ತು ಹೃದಯ ನಿಂತು ಬದುಕಿಸಲ್ಪಟ್ಟವರು ಸೇರಿ 135 ಮಂದಿ. ಅದರಲ್ಲಿ 90 ಈಜಿನಲ್ಲಿ. ಹೆಚ್ಚಿನವರು ನಡುವಯಸ್ಸಿನ ಗಂಡಸರು. ಲಕ್ಷಾಂತರ ಮಂದಿ ಆಡುವ ಆಟಕ್ಕೆ ಇದು ದೊಡ್ಡ ಸಂಖ್ಯೆಯಲ್ಲ, ಲಕ್ಷಕ್ಕೆ ಇಬ್ಬರೂ ಇಲ್ಲ. ಆದರೂ 40 ದಾಟಿದವರು ಹೆಸರು ಕೊಡುವ ಮೊದಲು ಡಾಕ್ಟರಿಗೆ ಎದೆ ತೋರಿಸುವುದಕ್ಕೆ ಇಷ್ಟು ಕಾರಣ ಸಾಕು.

ಮೊಮ್ಮಗ ಗೋವಾಕ್ಕೆ ಹೋದ. ಈಜಿನಲ್ಲಿ ಗಡಿಯಾರ ನೋಡಲಾಗದು, ಮೂರು ಕೈಗೊಂದು ಉಸಿರು ಎಂಬ ತಾಳ ಹಿಡಿದು ಮುಗಿಸಿದ. ಸೈಕಲ್ಲಿಗೆ 140 ದಾಟಬಾರದು ಎಂದು ಹ್ಯಾಂಡಲಿಗೆ ಕಾಗದ ಅಂಟಿಸಿಕೊಂಡಿದ್ದ. ಏರಿನಲ್ಲಿ ಎಷ್ಟೋ ಜನ ಅವನನ್ನು ದಾಟಿ ಹೋದರಂತೆ. ಓಟದ ಮೊದಲ ಹತ್ತು ಕಿಲೋಮೀಟರ್ 148ರಲ್ಲಿ ನಡೆಯಿತು. ಆಮೇಲೆ ಬಿಸಿಲು. ವೇಗ ಅಷ್ಟೇ ಇದ್ದರೂ ಬಡಿತ 155, 160, 164 ಎಂದು ಏರುತ್ತ ಹೋಯಿತು. ಬೆವರಿ ರಕ್ತದಲ್ಲಿ ನೀರು ಕಡಿಮೆಯಾದಾಗ, ಮೈ ತಂಪು ಮಾಡಲು ಚರ್ಮಕ್ಕೂ ರಕ್ತ ಹರಿಸಬೇಕಾದಾಗ ಹೀಗಾಗುತ್ತದೆ. ಆಗ ಅವನು ವೇಗದ ಆಸೆ ಬಿಟ್ಟ. ನೀರು ಕೊಡುವ ಪ್ರತಿ ಮೇಜಿನ ಹತ್ತಿರ ನಡೆದು, ತಲೆಗೆ ನೀರು ಸುರಿದುಕೊಂಡು, 150ಕ್ಕೆ ಇಳಿದ ಮೇಲೆ ಮತ್ತೆ ಓಡಿದ. 7 ಗಂಟೆ 41 ನಿಮಿಷ. ಏರಿನಲ್ಲಿ ದಾಟಿ ಹೋದವರಲ್ಲಿ ಕೆಲವರು ರಸ್ತೆ ಬದಿ ಕುಳಿತಿದ್ದರು ಎಂದು ಹೇಳಿದ. ಅಜ್ಜಿ ಕೇಳಿದ್ದು ಒಂದೇ: “ಊಟ ಮಾಡಿದ್ಯಾ?”

ಇನ್ನು ನಮ್ಮ ವಯಸ್ಸಿನವರಿಗೆ ಎರಡು ಮಾತು. ಬಿ.ಪಿ. ಅಥವಾ ಹೃದಯಕ್ಕೆಂದು ಮೆಟೊಪ್ರೊಲೊಲ್, ಅಟೆನೊಲೊಲ್ ಜಾತಿಯ ಗುಳಿಗೆ ತೆಗೆದುಕೊಳ್ಳುವವರಿಗೆ ಮೇಲಿನ ಯಾವ ಸೂತ್ರವೂ ನಡೆಯುವುದಿಲ್ಲ. ಆ ಗುಳಿಗೆಯ ಕೆಲಸವೇ ಬಡಿತ ಏರದಂತೆ ತಡೆಯುವುದು. ಗಡಿಯಾರದಲ್ಲಿ 110 ಕಾಣಲಿ ಎಂದು ಜೋರಾಗಿ ನಡೆಯಲು ಹೋಗಬೇಡಿ; ಮಾತಾಡುತ್ತ ನಡೆಯಲು ಬರುವಷ್ಟೇ ಸಾಕು. ಇನ್ನೊಂದು: ನಾಡಿ ಹಿಡಿದಾಗ ಎಷ್ಟು ಎನ್ನುವುದರ ಜೊತೆ ಹೇಗೆ ಎನ್ನುವುದನ್ನೂ ಗಮನಿಸಿ. ಟಕ್ ಟಕ್ ಎಂದು ಸಮನಾಗಿ ಬರದೆ ತಾಳ ಪದೇ ಪದೇ ತಪ್ಪುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಇಂಥ ತಾಳತಪ್ಪಿನಿಂದ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗುವುದುಂಟು, ಹೊತ್ತಿಗೆ ಸರಿಯಾಗಿ ಗೊತ್ತಾದರೆ ಅದಕ್ಕೆ ಔಷಧವಿದೆ.

ಮಕ್ಕಳಿಗೆ ಯಂತ್ರ ಬೇಡ. ಆಟದ ಪಿರಿಯಡ್ಡಿನಲ್ಲಿ ಗೆಳೆಯನ ಜೊತೆ ಮೈದಾನಕ್ಕೆ ಎರಡು ಸುತ್ತು ಓಡಿ, ನಿಂತ ಕೂಡಲೇ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ ಬರೆದುಕೊಳ್ಳಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎರಡರ ವ್ಯತ್ಯಾಸವೇ ಹೃದಯ ಎಷ್ಟು ಬೇಗ ಸುಧಾರಿಸಿಕೊಂಡಿತು ಎಂಬುದರ ಲೆಕ್ಕ. ಮುಂದಿನ ಎರಡು ತಿಂಗಳು ವಾರಕ್ಕೆ ನಾಲ್ಕು ದಿನ ಓಡಿ, ಅದೇ ಎರಡು ಸುತ್ತಿಗೆ ಮತ್ತೆ ಎಣಿಸಿ ಹಳೆಯ ಅಂಕಿಯ ಪಕ್ಕ ಬರೆಯಿರಿ. ಮೊದಲ ಅಂಕಿ ಇಳಿದಿರಬೇಕು, ವ್ಯತ್ಯಾಸ ಹೆಚ್ಚಿರಬೇಕು. ಹಾಳೆಯನ್ನು ಅಜ್ಜನ ಕೈಗೆ ಕೊಡಿ, ಗುಣಾಕಾರ ಸರಿಯಿದೆಯೇ ಅವರು ನೋಡುತ್ತಾರೆ.